ಮಳೆನೀರು ಸಾಲದಾಗ ಕುಂಡದ ಬ್ಲೂಬೆರಿಗೆ ನೀರು ಹಾಕುವುದು ಹೇಗೆ: ಬೆಂಗಳೂರಿನ ತಾರಸಿಗೊಂದು ಸಮಗ್ರ ಮಾರ್ಗದರ್ಶಿ

ಬಿಲಾಕ್ಸಿ, ಮಿಸ್ಟಿ, ಶಾರ್ಪ್‌ಬ್ಲೂ. ಚಳಿಯನ್ನು ಅಷ್ಟಾಗಿ ಕೇಳದ ಈ ಬ್ಲೂಬೆರಿ ತಳಿಗಳು ಬೆಂಗಳೂರಿನ ತಾರಸಿಗಳಿಗೂ ಬಂದಿವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಿಡ ಹುಲುಸಾಗಿ ಚಿಗುರುತ್ತದೆ. ಮಳೆ ನಿಂತು, ಡ್ರಮ್ಮಿನ ನೀರು ಮುಗಿದು, ಬೋರ್‌ವೆಲ್ ನೀರು ಶುರುವಾದ ಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ. ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗೊಬ್ಬರ ಕಮ್ಮಿ ಆಯಿತೇನೋ ಅಂತ ಇನ್ನಷ್ಟು ಗೊಬ್ಬರ ಸುರಿಯುತ್ತೇವೆ. ಗಿಡ ಇನ್ನಷ್ಟು ಕೆಡುತ್ತದೆ.

ಮಳೆನೀರನ್ನೇ ವರ್ಷವಿಡೀ ಹಾಕಿ ಅಂತ ಹೇಳುವುದು ಸುಲಭ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಮೂರರಲ್ಲೊಂದಕ್ಕೂ ಜಾಸ್ತಿ ಭಾಗ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲೇ ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳಲ್ಲಿ ಎಲ್ಲ ಸೇರಿ 50 ಮಿ.ಮೀ. ಆಗುವುದೂ ಕಷ್ಟ. ಎಲ್ಲರ ತಾರಸಿಯಲ್ಲೂ ಸಾವಿರಾರು ಲೀಟರ್ ಕೂಡಿಡಲು ಜಾಗ ಎಲ್ಲಿದೆ?

ನನ್ನ ಸಲಹೆ ಒಂದೇ. ಮಳೆನೀರನ್ನೆಲ್ಲ ಮೊದಲೇ ಮುಗಿಸಿಬಿಟ್ಟು ಆಮೇಲೆ ಬರೀ ಬೋರ್ ನೀರು ಹಾಕುವ ಕ್ರಮ ಬೇಡ. ಮಳೆ ನಿಂತ ದಿನದಿಂದಲೇ ಎರಡನ್ನೂ ಲೆಕ್ಕ ಹಾಕಿ ಬೆರೆಸುತ್ತಾ ಬನ್ನಿ. ಸ್ವಲ್ಪ ಶುದ್ಧ ಮಳೆನೀರನ್ನು ಮಾತ್ರ ಮುಟ್ಟದೆ ಪಕ್ಕಕ್ಕಿಡಿ. ಮುಂದಿನದೆಲ್ಲ ಇದನ್ನು ಮಾಡುವ ಬಗೆ.

ಬ್ಲೂಬೆರಿಗೆ ಯಾಕೆ ಇಷ್ಟು ನಾಜೂಕು?

ಬ್ಲೂಬೆರಿ ಹುಳಿ ಮಣ್ಣಿನ ಗಿಡ. ಬೇರಿನ ಸುತ್ತ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರ ಒಳಗಿರಬೇಕು. 1910ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಈ ವಿಷಯವನ್ನು ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಕಾಡಿನ ಬ್ಲೂಬೆರಿ ತೋಟಕ್ಕೆ ಬಂದದ್ದು. ಅಲ್ಲಿಯವರೆಗೆ ಒಳ್ಳೆಯ ಫಲವತ್ತಾದ ಮಣ್ಣಿನಲ್ಲಿ ನೆಟ್ಟವರಿಗೆಲ್ಲ ಗಿಡ ಕೈ ಕೊಡುತ್ತಿತ್ತು.

ಇದರ ಬೇರು ತುಂಬಾ ಸಣ್ಣ, ಕೂದಲಿನಷ್ಟು ತೆಳು. ಬೇರೆ ಗಿಡಗಳಿಗಿರುವ ಬೇರುರೋಮ ಇದಕ್ಕಿಲ್ಲ. ಬೇರು ಆಳಕ್ಕೂ ಇಳಿಯುವುದಿಲ್ಲ, ಮೇಲಿನ ಒಂದಡಿಯೊಳಗೇ ಹರಡಿಕೊಂಡಿರುತ್ತದೆ. ಹಾಗಾಗಿ ಒಂದು ದಿನ ಒಣಗಿದರೂ ಕಷ್ಟ, ನಾಲ್ಕು ದಿನ ನೀರು ನಿಂತರೂ ಕಷ್ಟ. ನೀರಲ್ಲಿ ಉಪ್ಪಿನಂಶ ಜಾಸ್ತಿಯಾದರೂ ತಡೆಯುವುದಿಲ್ಲ.

ಇನ್ನು ಗಡಸು ನೀರಿನ ವಿಷಯ. ಬೋರ್ ನೀರಿನ ಪಿಎಚ್ 7.5 ಇದೆ ಅಂತ ಹೆದರುವವರು ಬಹಳ. ಆದರೆ ಆ ಸಂಖ್ಯೆಯೊಂದರಿಂದ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಕ್ಷಾರತೆಯನ್ನು, ಅಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಷ್ಟು ಅನ್ನುವುದನ್ನು. ಮಳೆನೀರಿನ ಪಿಎಚ್ 7 ಬಂದರೂ ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಒಂದು ಚಿಟಿಕೆ ಹುಳಿ ಬಿದ್ದರೆ ಅದು ತಕ್ಷಣ ಇಳಿಯುತ್ತದೆ. ಅದೇ ಪಿಎಚ್‌ನ ಬೋರ್ ನೀರು ಹಾಕಿದ ಹುಳಿಯನ್ನೆಲ್ಲ ನುಂಗಿ ಹಾಗೇ ಕೂತಿರುತ್ತದೆ. ದಿನಾ ಆ ನೀರು ಹಾಕುವುದೆಂದರೆ ಕುಂಡಕ್ಕೆ ದಿನಾ ಸ್ವಲ್ಪ ಸುಣ್ಣ ಹಾಕಿದ ಲೆಕ್ಕ. ನೀರು ಆವಿಯಾಗುತ್ತದೆ, ಸುಣ್ಣದಂಶ ಉಳಿಯುತ್ತದೆ. ಪಿಎಚ್ 6 ದಾಟಿತೆಂದರೆ ಕಬ್ಬಿಣದಂಶ ಕುಂಡದಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗುವುದು ಅದಕ್ಕೇ.

ಮೊದಲು ನಿಮ್ಮ ಮನೆಯ ನೀರು ಎಂಥದ್ದು ಅಂತ ನೋಡಿ

ಟಿಡಿಎಸ್ ಪೆನ್ನು ಈಗ ಮನೆಮನೆಯಲ್ಲೂ ಇದೆ. ಅದು ಒಟ್ಟು ಲವಣ ತೋರಿಸುತ್ತದೆ, ಕ್ಷಾರತೆಯನ್ನು ಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕೆ ಬೇಕಾದ ಅಗ್ಗದ ಸಾಧನ ಅಕ್ವೇರಿಯಂ ಅಂಗಡಿಯಲ್ಲಿದೆ. ಮೀನು ಸಾಕುವವರು ಬಳಸುವ ಕೆಎಚ್ ಕಿಟ್. ಒಂದು ಸಣ್ಣ ಬಾಟಲಿ ನೀರಿಗೆ ತೊಟ್ಟು ತೊಟ್ಟಾಗಿ ದ್ರವ ಬಿಡಬೇಕು, ಬಣ್ಣ ಬದಲಾಗುವಷ್ಟರಲ್ಲಿ ಎಷ್ಟು ತೊಟ್ಟು ಬಿತ್ತು ಅಂತ ಎಣಿಸಬೇಕು. ಸಾಮಾನ್ಯವಾಗಿ ಒಂದು ತೊಟ್ಟು ಅಂದರೆ ಒಂದು ಡಿಗ್ರಿ, ಅಂದರೆ ಲೀಟರ್‌ಗೆ ಸುಮಾರು 18 ಮಿಲಿಗ್ರಾಂ. 16 ತೊಟ್ಟು ಬಿತ್ತೆಂದರೆ ಕ್ಷಾರತೆ ಸುಮಾರು 290.

ಬ್ಲೂಬೆರಿಗೆ ಈ ಸಂಖ್ಯೆ 100ರ ಕೆಳಗಿದ್ದರೆ ನಿಭಾಯಿಸಬಹುದು, 50ರ ಆಸುಪಾಸಿನಲ್ಲಿದ್ದರೆ ಬಹಳ ಒಳ್ಳೆಯದು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಮಿತಿಯೇ 200, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ನಾವು ನೀವು ಆರಾಮಾಗಿ ಕುಡಿಯುವ ನೀರು ಬ್ಲೂಬೆರಿಗೆ ಆಗದೇ ಇರಬಹುದು.

ಈಗ ಮನೆಯಲ್ಲಿ ಸಿಗುವ ಬೇರೆ ಬೇರೆ ನೀರಿನ ಬಗ್ಗೆ.

ಕಾವೇರಿ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಆದರೆ ತುಂಬಾ ಮನೆಗಳಲ್ಲಿ ಸಂಪಿನೊಳಗೆ ಎರಡೂ ಸೇರಿಕೊಂಡಿರುತ್ತವೆ, ಹಾಗಾಗಿ ಪರೀಕ್ಷೆ ಮಾಡದೆ ನಂಬಬೇಡಿ. ಇನ್ನೊಂದು ವಿಷಯ ನೆನಪಿಡಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. 2025ರಲ್ಲೂ ಅದೇ ಆದೇಶ ಬಂತು. ಬೇಸಿಗೆಯ ಯೋಜನೆಯನ್ನು ಕಾವೇರಿ ನೀರಿನ ಮೇಲೆ ನಿಲ್ಲಿಸುವುದು ಜಾಣತನವಲ್ಲ.

ಟ್ಯಾಂಕರ್ ನೀರು ಲೋಡಿನಿಂದ ಲೋಡಿಗೆ ಬದಲಾಗುತ್ತದೆ. ಪ್ರತಿ ಸಲವೂ ಕಿಟ್ ತೆಗೆಯಲೇಬೇಕು.

ಆರ್‌ಒ ಫಿಲ್ಟರ್‌ನಿಂದ ಬರುವ ಕುಡಿಯುವ ನೀರು ಬ್ಲೂಬೆರಿಗೆ ಮಳೆನೀರಿನ ಹತ್ತಿರಕ್ಕೆ ಬರುತ್ತದೆ. ಅದರ ಪೈಪಿನಿಂದ ಹೊರಗೆ ಹೋಗುವ ತ್ಯಾಜ್ಯ ನೀರು ಮಾತ್ರ ಬೇಡವೇ ಬೇಡ. ಹಾಳಾಗುತ್ತದಲ್ಲಾ ಅಂತ ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಲ್ಲಿ ಮೂಲ ನೀರಿಗಿಂತ ಲವಣ ಹೆಚ್ಚು ಸಾಂದ್ರವಾಗಿರುತ್ತದೆ. ನೆಲ ಒರೆಸಲು, ಬಾತ್‌ರೂಮಿಗೆ ಬಳಸಿ.

ವಾಟರ್ ಸಾಫ್ಟನರ್‌ನ ನೀರೂ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟ್ ಹಾಗೇ ಇರುತ್ತದೆ. ಬ್ಲೂಬೆರಿಗೆ ಮೊದಲಿನ ನೀರಿಗಿಂತಲೂ ಕೆಟ್ಟದ್ದು.

ಏಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು. ಗಾಳಿಯ ತೇವವೇ ನೀರಾದದ್ದು, ಹಾಗಾಗಿ ಲವಣವಿಲ್ಲ. ಆದರೆ ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಇದು ಹೆಚ್ಚೇನೂ ಸಿಗುವುದಿಲ್ಲ. ಮಂಗಳೂರಿನಲ್ಲಿರುವವರಿಗೆ ಬಕೆಟ್ ತುಂಬಾ ಸಿಗುತ್ತದೆ, ಅವರು ಬಿಡಬಾರದು.

ಕುದಿಸಿ ಆರಿಸಿದ ನೀರಿನಲ್ಲಿ ಸುಣ್ಣದಂಶ ಪಾತ್ರೆಯ ತಳಕ್ಕೆ ಕೂರುವುದರಿಂದ ಕ್ಷಾರತೆ ಸ್ವಲ್ಪ ಇಳಿಯುತ್ತದೆ. ಅದಕ್ಕಾಗಿ ಗ್ಯಾಸ್ ಉರಿಸಬೇಡಿ. ಬೇರೆ ಕೆಲಸಕ್ಕೆ ಕುದಿಸಿ ಉಳಿದದ್ದಿದ್ದರೆ, ತಳ ಕಲಕದೆ ಮೇಲಿನ ನೀರನ್ನು ಬಳಸಿ.

ಅಕ್ಕಿ ತೊಳೆದ ನೀರು ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಅಕ್ಕಿ ತೊಳೆದದ್ದೂ ಅದೇ ನಲ್ಲಿ ನೀರಿನಲ್ಲೇ ತಾನೇ? ಫಿಲ್ಟರ್ ಕಾಫಿಯ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅನ್ನುವುದೂ ಅಷ್ಟೇ. ಹುಳಿಯೆಲ್ಲ ಡಿಕಾಕ್ಷನ್ ಜೊತೆ ಲೋಟಕ್ಕೆ ಹೋಗಿರುತ್ತದೆ, ಉಳಿದ ಚರಟ ಹೆಚ್ಚು ಕಮ್ಮಿ ತಟಸ್ಥ.

ಎಷ್ಟು ನೀರು ಬೇಕು, ಎಷ್ಟು ಇದೆ?

ಇದು ನವೆಂಬರ್‌ನಲ್ಲಿ ಕೂತು ಮಾಡಬೇಕಾದ ಲೆಕ್ಕ. 25 ಲೀಟರ್ ಗ್ರೋ ಬ್ಯಾಗಿನಲ್ಲಿರುವ, ಎರಡು ಮೂರು ವರ್ಷದ ಗಿಡಕ್ಕೆ ಡಿಸೆಂಬರ್, ಜನವರಿಯಲ್ಲಿ ದಿನಕ್ಕೆ ಮುಕ್ಕಾಲಿನಿಂದ ಒಂದು ಲೀಟರ್ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಒಂದೂವರೆಯಿಂದ ಎರಡು ಲೀಟರ್ ಬೇಕಾಗುತ್ತದೆ. ಡಿಸೆಂಬರ್ ಮೊದಲಿನಿಂದ ಏಪ್ರಿಲ್ ಮಧ್ಯದವರೆಗೆ, ಅಶ್ವಿನಿ ಮಳೆಯ ಹೊತ್ತಿಗೆ, ಒಂದು ಗಿಡಕ್ಕೆ ಸುಮಾರು 170 ಲೀಟರ್ ಆಗುತ್ತದೆ. ನಾಲ್ಕು ಗಿಡಕ್ಕೆ 680 ಲೀಟರ್.

ನಿಮ್ಮ ಹತ್ತಿರ 200 ಲೀಟರಿನ ಎರಡು ನೀಲಿ ಡ್ರಮ್ಮು ತುಂಬಾ ಮಳೆನೀರಿದೆ ಅಂದುಕೊಳ್ಳಿ. 280 ಲೀಟರ್ ಕೊರತೆ. ಆ 280ನ್ನು ಬೋರ್ ನೀರಿನಿಂದ ತುಂಬಬೇಕು. ಅಂದರೆ ಪ್ರತಿ 10 ಲೀಟರಿನಲ್ಲಿ 6 ಲೀಟರ್ ಮಳೆನೀರು, 4 ಲೀಟರ್ ಬೋರ್ ನೀರು. ಬೋರ್ ನೀರಿನ ಕ್ಷಾರತೆ 300 ಇದ್ದರೆ, ಬೆರೆಸಿದ ನೀರಿನದು ಸುಮಾರು 125ಕ್ಕೆ ಇಳಿಯುತ್ತದೆ. ಕ್ಷಾರತೆಯ ಲೆಕ್ಕ ಹೀಗೆ ಸರಳ. ಎಷ್ಟು ಪಾಲು ಬೆರೆಸುತ್ತೀರೋ ಅಷ್ಟೇ ಪಾಲು ಬರುತ್ತದೆ. ಪಿಎಚ್ ಹಾಗಲ್ಲ, ಅದನ್ನು ಹೀಗೆ ಸರಾಸರಿ ಮಾಡಲು ಹೋಗಬೇಡಿ.

ಮೊದಲು ಮಳೆನೀರು ಮುಗಿಸಿ ಆಮೇಲೆ ಬೋರ್ ನೀರು ಹಾಕಿದರೂ ಒಟ್ಟು ಬೋರ್ ನೀರು ಅಷ್ಟೇ ತಾನೇ, ವ್ಯತ್ಯಾಸವೇನು? ಡಿಸೆಂಬರ್, ಜನವರಿಯಲ್ಲಿ ಗಿಡಕ್ಕೆ ಬಾಯಾರಿಕೆ ಕಮ್ಮಿ. ಆಗ ಒಳ್ಳೆಯ ನೀರೆಲ್ಲ ಕೊಟ್ಟು, ಬಿಸಿಲು ಏರಿ ಕಾಯಿ ದಪ್ಪಗಾಗುವ ಹೊತ್ತಿಗೆ ಬರೀ ಗಡಸು ನೀರನ್ನು ದಿನಕ್ಕೆರಡು ಲೀಟರಿನಂತೆ ಸುರಿಯುತ್ತೇವೆ. ಹುಳಿ ತರುವ ಗೊಬ್ಬರ ಹಾಕಿದರೂ ಅದು ವಾರಕ್ಕೆ ಇಷ್ಟು ಅಂತಲೇ ಕೆಲಸ ಮಾಡುತ್ತದೆ. ಬೆರೆಸಿದ ನೀರಿನ ಸಣ್ಣ ಹೊರೆಯಲ್ಲಿ ಒಂದು ಪಾಲನ್ನು ಅದು ಪ್ರತಿ ವಾರವೂ ಇಳಿಸುತ್ತದೆ. ಬರೀ ಬೋರ್ ನೀರಿನ ಹೊರೆ ಅದರ ಕೈ ಮೀರಿದ್ದು, ಒಂದೆರಡು ತಿಂಗಳಲ್ಲೇ ಪಿಎಚ್ 6 ದಾಟಬಹುದು.

ಈ 400ರಲ್ಲೂ 40 ಲೀಟರನ್ನು ಬೇರೆ ಕ್ಯಾನಿಗೆ ತುಂಬಿ ಮುಚ್ಚಿಡಿ. ಅದು ಆಪತ್ತಿನ ನೀರು. ಯಾವಾಗ ತೆಗೆಯಬೇಕು ಅಂತ ಮುಂದೆ ಬರುತ್ತದೆ. ಆಗ ಬೆರೆಸುವ ಪ್ರಮಾಣ ಹತ್ತಕ್ಕೆ ಐದೂವರೆ, ನಾಲ್ಕೂವರೆಯ ಹತ್ತಿರ ಬರುತ್ತದೆ. ಪರವಾಗಿಲ್ಲ.

ಇದ್ದಷ್ಟು ಮಳೆನೀರನ್ನು ಸರಿಯಾಗಿ ಹಿಡಿಯುವುದು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರಡಿಯ ಶೀಟು ಮೇಲೆ 10 ಮಿ.ಮೀ. ಮಳೆಗೆ, ಸೋರಿದ್ದು ಸಿಡಿದದ್ದು ಕಳೆದು, 75 ಲೀಟರಿನಷ್ಟು ಸಿಗುತ್ತದೆ. ಎರಡು ಡ್ರಮ್ಮು ತುಂಬಲು ಒಂದೆರಡು ಒಳ್ಳೆಯ ಮಳೆ ಸಾಕು. ನೀರಿಗೆ ಬರವಿಲ್ಲ, ತುಂಬಿಡುವ ಪಾತ್ರೆಗೆ ಬರ. ಹಾಗಾಗಿ ಅಕ್ಟೋಬರ್ ಕೊನೆಯ ಮಳೆಗಳಿಗೆ ಡ್ರಮ್ಮು, ಕ್ಯಾನು, ಹಳೇ ಬಕೆಟ್ಟು ಎಲ್ಲ ತುಂಬಿರಬೇಕು.

2009ರಿಂದ ಬೆಂಗಳೂರಿನಲ್ಲಿ 40×60 ಸೈಟಿನ ಮನೆಗಳಿಗೆ, ಹೊಸದಾದರೆ 30×40ಕ್ಕೂ, ಮಳೆನೀರು ಕೊಯ್ಲು ಕಡ್ಡಾಯ. ಆದರೆ ಆ ನೀರು ಹೋಗುವುದು ಇಂಗುಗುಂಡಿಗೆ ಅಥವಾ ಸಿಮೆಂಟ್ ಸಂಪಿಗೆ. ಇಂಗಿದ್ದನ್ನು ತಿರುಗಿ ತೆಗೆಯಲಾಗದು. ಸಿಮೆಂಟ್ ತೊಟ್ಟಿಯಲ್ಲಿ, ಅದೂ ಹೊಸದಾದರೆ, ನೀರು ಗೋಡೆಯ ಸುಣ್ಣವನ್ನು ಹೀರಿಕೊಳ್ಳುತ್ತದೆ. ಬ್ಲೂಬೆರಿಗೆ ಬೇಕಾದ ನೀರನ್ನು ಪೈಪಿನಿಂದಲೇ ಪ್ಲಾಸ್ಟಿಕ್ ಡ್ರಮ್ಮಿಗೆ ತಿರುಗಿಸಿಕೊಳ್ಳಿ. ತಾರಸಿಗೆ ತಂಪಾಗಲಿ ಅಂತ ಸುಣ್ಣ ಬಳಿದಿದ್ದರೆ ಆ ನೀರನ್ನು ಒಮ್ಮೆ ಕಿಟ್‌ನಲ್ಲಿ ನೋಡಿಯೇ ತುಂಬಿ. ಮಳೆಗಾಲದ ಮೊದಲ ಹನಿಗಳ ಜೊತೆ ಧೂಳು, ಪಾರಿವಾಳದ ಹಿಕ್ಕೆ ಬರುತ್ತದೆ, 100 ಚದರಡಿಗೆ ಮೊದಲ 20 ಲೀಟರನ್ನು ಹೊರಗೆ ಬಿಡಿ.

ಡ್ರಮ್ಮಿನೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ ಕಟ್ಟುತ್ತದೆ. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಹಾಕಿ. ಡೆಂಗಿ ಸೊಳ್ಳೆಗೆ ಬೇಕಿರುವುದು ಇಂಥದ್ದೇ ನಿಂತ ಶುದ್ಧ ನೀರು.

ಗಿಡದ ಬಾಯಾರಿಕೆ ಕಮ್ಮಿ ಮಾಡುವುದು

ಉಳಿಸಿದ ಒಂದು ಲೀಟರ್ ಅಂದರೆ ಹಿಡಿದ ಒಂದು ಲೀಟರೇ. ಹಾಗಾಗಿ ಕುಂಡದ ಆಯ್ಕೆ ಮುಖ್ಯ. ಸಿಮೆಂಟ್ ಕುಂಡದಲ್ಲಿ ಬ್ಲೂಬೆರಿ ಇಡಲೇಬಾರದು, ಅದು ತಾನೇ ಸುಣ್ಣ ಬಿಡುತ್ತದೆ. ಮಣ್ಣಿನ ಕುಂಡ ನೋಡಲು ಚಂದ, ಆದರೆ ಸುತ್ತಲಿನ ಗೋಡೆಯಿಂದಲೂ ನೀರು ಆವಿಯಾಗುತ್ತದೆ. ನೀರಿನ ಕೊರತೆ ಇರುವವರಿಗೆ ಪ್ಲಾಸ್ಟಿಕ್ ಕುಂಡ ಅಥವಾ ದಪ್ಪನೆಯ ಬಿಳಿ ಗ್ರೋ ಬ್ಯಾಗು ವಾಸಿ. ಕಪ್ಪು ಕುಂಡವಾದರೆ ಸುತ್ತ ಗೋಣಿಚೀಲವನ್ನೋ ಬಿಳಿ ಬಟ್ಟೆಯನ್ನೋ ಸುತ್ತಿ. ಏಪ್ರಿಲ್ ಮಧ್ಯಾಹ್ನ ಕಪ್ಪು ಕುಂಡದ ಬಿಸಿಲಿನ ಬದಿಯನ್ನು ಮುಟ್ಟಿ ನೋಡಿ, ಒಳಗೆ ಬೇರಿಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ.

ಕುಂಡಗಳನ್ನು ಒಂದಕ್ಕೊಂದು ಹತ್ತಿರ ಜೋಡಿಸಿ, ಗಾಳಿ ಹೊಡೆಯುವ ಮೂಲೆಯಿಂದ ಸರಿಸಿ. ಫೆಬ್ರವರಿ ಕೊನೆಯಿಂದ ಮಧ್ಯಾಹ್ನದ ಬಿಸಿಲಿಗೆ ತೆಳುವಾದ, ಮೂವತ್ತು ಪರ್ಸೆಂಟಿನ ನೆರಳು ಪರದೆ ಸಾಕು. ಪೂರ್ತಿ ನೆರಳಾದರೆ ಹಣ್ಣು ಹುಳಿಯಾಗೇ ಉಳಿಯುತ್ತದೆ.

ಮೇಲುಹೊದಿಕೆ ಎರಡು ಇಂಚಾದರೂ ಇರಲಿ. ಪೈನ್ ಸೂಜಿ ಎಲೆ ಎಲ್ಲಿಂದ ತರೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸರ್ವೆ ಮರದ ಉದುರೆಲೆ, ತೆಂಗಿನ ಸಿಪ್ಪೆಯ ತುಂಡು, ಭತ್ತದ ಹೊಟ್ಟು, ಒಣ ತರಗು ಯಾವುದಾದರೂ ಆಗುತ್ತದೆ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಕುಂಡದೊಳಗೆ ಕೊಕೊಪೀಟ್ ಬಳಸಿದ್ದರೆ ನೆಡುವ ಮುಂಚೆ ಚೆನ್ನಾಗಿ ತೊಳೆದಿರಬೇಕು, ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ಪೀಟ್ ಮಾಸ್ (ಜೌಗುನೆಲದ ಪಾಚಿಯ ಒಣ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹೀರುವುದೇ ಇಲ್ಲ. ಮೇಲೆ ಸುರಿದದ್ದು ಬದಿಯಿಂದ ಜಾರಿ ತೂತಿನಿಂದ ಹೊರಗೆ ಬರುತ್ತದೆ. ನೀರು ಹಾಕಿದ ಕೂಡಲೇ ಕೆಳಗೆ ಬಂದರೆ ಕುಂಡ ನೆಂದಿದೆ ಅಂತಲ್ಲ.

ನೀರು ಹಾಕುವ ಕ್ರಮ

ದಿನಾ ಇಷ್ಟು ಲೀಟರ್ ಅನ್ನುವುದು ಸಂಗ್ರಹದ ಲೆಕ್ಕಕ್ಕೆ ಮಾತ್ರ. ಹಾಕುವಾಗ ಕುಂಡವನ್ನೇ ಕೇಳಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ತೂರಿಸಿ ನೋಡಿ. ತಣ್ಣಗೆ, ಒದ್ದೆಯಾಗಿದ್ದರೆ ಇವತ್ತು ಬೇಡ. ಬರೀ ತೇವದ ಅನುಭವವಿದ್ದರೆ ಹಾಕುವ ಹೊತ್ತು. ಒಣಗಿದ್ದರೆ ತಡವಾಯ್ತು. ಕುಂಡವನ್ನು ಸ್ವಲ್ಪ ವಾಲಿಸಿ ಭಾರ ನೋಡುವುದು ಇನ್ನೂ ನಂಬಿಕೆಯ ವಿಧಾನ, ಕೆಲವೇ ದಿನದಲ್ಲಿ ಕೈಗೆ ಅಂದಾಜು ಬರುತ್ತದೆ.

ಬೆಳಗ್ಗೆ, ಬಿಸಿಲು ಏರುವ ಮುಂಚೆ ಹಾಕಿ. ಒಂದೇ ಸಲ ಸುರಿಯಬೇಡಿ. ಅರ್ಧ ಹಾಕಿ, ಹತ್ತು ನಿಮಿಷ ಬಿಟ್ಟು, ಉಳಿದರ್ಧ ಹಾಕಿ. ಮೊದಲಿನದು ಮೇಲಿನ ಪದರವನ್ನು ನೆನೆಸಿರುತ್ತದೆ, ಎರಡನೆಯದು ಸಮವಾಗಿ ಇಳಿಯುತ್ತದೆ. ಕಾಂಡದ ಬುಡಕ್ಕಷ್ಟೇ ಅಲ್ಲ, ಕುಂಡದ ಸುತ್ತಲೂ ಹಾಕಿ. ಬ್ಲೂಬೆರಿಯಲ್ಲಿ ನೀರು ಒಂದು ಬದಿಯ ಬೇರಿನಿಂದ ಇನ್ನೊಂದು ಬದಿಯ ಕೊಂಬೆಗೆ ಸರಿಯಾಗಿ ಹೋಗುವುದಿಲ್ಲ. ಒಂದೇ ಕಡೆ ನೀರು ಬಿದ್ದರೆ ಗಿಡದ ಒಂದೇ ಮಗ್ಗುಲು ಚೆನ್ನಾಗಿರುತ್ತದೆ. ಡ್ರಿಪ್ ಹಾಕುವವರು ಒಂದು ದೊಡ್ಡ ಡ್ರಿಪ್ಪರ್ ಬದಲು ಸಣ್ಣವು ಎರಡು ಮೂರು ಹಾಕಿ.

ಬರೀ ಮಳೆನೀರು ಹಾಕುವಾಗ ಕೆಳಗೆ ಒಂದು ತೊಟ್ಟೂ ಬರದಂತೆ ಹಾಕಿದರೂ ನಡೆಯುತ್ತದೆ. ಬೆರೆಸಿದ ನೀರು ಹಾಕುವಾಗ ಹಾಗಲ್ಲ. ವಾರಕ್ಕೊಮ್ಮೆಯಾದರೂ ಹಾಕಿದ್ದರಲ್ಲಿ ಹತ್ತರಲ್ಲೊಂದು ಪಾಲು ತೂತಿನಿಂದ ಹೊರಗೆ ಹರಿಯಬೇಕು, ಲವಣ ಅದರ ಜೊತೆ ಹೋಗುತ್ತದೆ. ನೀರಿಗೆ ಬರ ಇರುವಾಗ ಇದು ಹೊಟ್ಟೆ ಉರಿಸುವ ಕೆಲಸ, ಆದರೂ ಮಾಡಿ. ಹಾಗೆ ಬಂದ ನೀರನ್ನು ತಟ್ಟೆಯಲ್ಲಿ ಹಿಡಿದು ದಾಸವಾಳಕ್ಕೋ ನುಗ್ಗೆಗೋ ಹಾಕಿ, ಮತ್ತೆ ಬ್ಲೂಬೆರಿಗೆ ಬೇಡ. ತಟ್ಟೆಯಲ್ಲಿ ನಿಲ್ಲಲೂ ಬಿಡಬೇಡಿ.

ಬೆರೆಸಿದ ನೀರಿಗೆ ಹುಳಿ

ಮನೆಗೆ ಸರಿಹೊಂದುವುದು ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವುದು. ನೆನಪಿಡಬೇಕಾದ ಲೆಕ್ಕ ಇಷ್ಟೇ: 10 ಲೀಟರ್ ನೀರಿನ ಕ್ಷಾರತೆಯನ್ನು 100ರಷ್ಟು ಇಳಿಸಲು ಸುಮಾರು 2 ಗ್ರಾಂ. ಮೇಲಿನ ಉದಾಹರಣೆಯಲ್ಲಿ 125 ಇದೆ, 50ಕ್ಕೆ ತರಬೇಕು, 75 ಇಳಿಯಬೇಕು. ಒಂದೂವರೆ ಗ್ರಾಂ ಸಾಕು. ಏನೂ ಬೆರೆಸದ 300ರ ಬೋರ್ ನೀರಿಗಾದರೆ 5 ಗ್ರಾಂ ಬೇಕಿತ್ತು. ಚಮಚದ ಅಂದಾಜಿಗಿಂತ ಸಣ್ಣ ಡಿಜಿಟಲ್ ತಕ್ಕಡಿ ಒಳ್ಳೆಯದು.

ಬಕೆಟ್‌ಗೆ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಬೈಕಾರ್ಬೊನೇಟ್ ಒಡೆದು ಹುಟ್ಟುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು. ಅದು ಇರುವಾಗಲೇ ಅಳೆದರೆ ಪಿಎಚ್ ಕಮ್ಮಿ ತೋರಿಸುತ್ತದೆ. ಆಮೇಲೆ ಮತ್ತೆ ಕಲಕಿ, ಪಿಎಚ್ ಅಳೆಯುವ ಕಾಗದದ ಪಟ್ಟಿಯಲ್ಲಿ ನೋಡಿ. 5.5ರಿಂದ 6ರ ಒಳಗಿದ್ದರೆ ಹಾಕಿ. ನೀರನ್ನು 4.5ಕ್ಕೆ ಇಳಿಸುವ ಹಠ ಬೇಡ. ಕೆಎಚ್ ಕಿಟ್ ಸಿಗದವರು ಇದನ್ನೇ ತಿರುಗಿಸಿ ಮಾಡಬಹುದು: 10 ಲೀಟರಿಗೆ ಅರ್ಧರ್ಧ ಗ್ರಾಂ ಹಾಕುತ್ತಾ, ಬಿಟ್ಟು ಬಿಟ್ಟು ಅಳೆಯುತ್ತಾ, 5.5ರ ಹತ್ತಿರ ಬಂದಾಗ ನಿಲ್ಲಿಸಿ ಬರೆದಿಟ್ಟುಕೊಳ್ಳಿ.

ವಿನೆಗರ್ ಆಗುತ್ತದೆ, ಆದರೆ 300ರ ನೀರಿನ ಬಕೆಟ್‌ಗೆ 70ರಿಂದ 90 ಮಿ.ಲೀ. ಬೇಕು, ದುಬಾರಿ. ಮಜ್ಜಿಗೆ, ಹುಣಸೆ ರಸ ಬೇಡ. ಹುಳಿಯ ಜೊತೆ ಸಕ್ಕರೆ, ಉಪ್ಪು, ಹಾಲಿನಂಶ ಎಲ್ಲ ಸೇರಿ ಕುಂಡ ನಾರುತ್ತದೆ, ಇರುವೆ ಬರುತ್ತದೆ. ದೊಡ್ಡ ಬ್ಲೂಬೆರಿ ತೋಟಗಳಲ್ಲಿ ಸಲ್ಫ್ಯೂರಿಕ್ ಆಸಿಡ್ ಬಳಸುವುದು ನಿಜ. ಮಕ್ಕಳು ಓಡಾಡುವ ತಾರಸಿಗೆ ಅದನ್ನು ತರಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲೊಂದು ಮಾತು ಗಮನವಿಟ್ಟು ಓದಿ. ನಿಂಬೆ ಉಪ್ಪು, ವಿನೆಗರ್ ಎರಡೂ ಸಾವಯವ ಹುಳಿಗಳು. ಕುಂಡದ ಸೂಕ್ಷ್ಮಜೀವಿಗಳು ಕೆಲವೇ ದಿನದಲ್ಲಿ ಅದನ್ನು ತಿಂದು ಮುಗಿಸುತ್ತವೆ. ಆಗ ಕ್ಷಾರದ ಹೊರೆಯ ಬಹುಪಾಲು ತಿರುಗಿ ಬರುತ್ತದೆ. ಅಂದರೆ ನಿಂಬೆ ಉಪ್ಪು ತಕ್ಷಣದ ಪೆಟ್ಟನ್ನು ತಪ್ಪಿಸುತ್ತದೆ, ಸಾಲವನ್ನು ತೀರಿಸುವುದಿಲ್ಲ. ಬರೀ ಇದನ್ನೇ ನಂಬಿದವರಿಗೆ ತಿಂಗಳುಗಳ ನಂತರ, ದಿನಾ ಹುಳಿ ಹಾಕಿದ್ದೇನಲ್ಲಾ, ಪಿಎಚ್ ಯಾಕೆ ಏರಿತು ಅನ್ನುವ ಗೊಂದಲ.

ಸಾಲ ತೀರಿಸುವುದು ಎರಡು. ಒಂದು ಅಮೋನಿಯಂ ಸಲ್ಫೇಟ್. ಬ್ಲೂಬೆರಿಗೆ ಸಾರಜನಕ ಬೇಕಿರುವುದೂ ಅಮೋನಿಯಂ ರೂಪದಲ್ಲೇ, ನೈಟ್ರೇಟ್ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಲೀಟರಿಗೆ ಅರ್ಧ ಗ್ರಾಂ ಕರಗಿಸಿ, ಗಿಡಕ್ಕೆ ಒಂದು ಲೀಟರಿನಂತೆ, ವಾರಕ್ಕೊಮ್ಮೆ. ಒಣಗಿದ ಕುಂಡಕ್ಕೆ ಹಾಕಬೇಡಿ, ನೀರು ಹಾಕಿದ ಮರುದಿನ ಹಾಕಿ. ಇದು ಬೆರೆಸಿದ ನೀರಿನ ಕ್ಷಾರದಲ್ಲಿ ಮೂರರಲ್ಲೊಂದು ಭಾಗವನ್ನಾದರೂ ಕಳೆಯುತ್ತದೆ.

ಇನ್ನೊಂದು ಗಂಧಕ. ಮಣ್ಣಿನ ಬ್ಯಾಕ್ಟೀರಿಯಾ ಇದನ್ನು ನಿಧಾನಕ್ಕೆ ಸಲ್ಫ್ಯೂರಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. 300 ಕ್ಷಾರತೆಯ 100 ಲೀಟರ್ ನೀರಿನ ಹೊರೆಯನ್ನು ಸುಮಾರು 10 ಗ್ರಾಂ ಗಂಧಕ ತೀರಿಸುತ್ತದೆ. ನಮ್ಮ ಉದಾಹರಣೆಯ ಗಿಡವೊಂದಕ್ಕೆ ಬೇಸಿಗೆಯಲ್ಲಿ ಹೋಗುವ ಬೋರ್ ನೀರು 70 ಲೀಟರ್, ಹಾಗಾಗಿ 7 ಗ್ರಾಂ. ಅದನ್ನು ಒಂದೇ ಸಲ ಸುರಿಯದೆ ನವೆಂಬರ್‌ನಲ್ಲಿ ಅರ್ಧ, ಜನವರಿಯಲ್ಲಿ ಅರ್ಧ, ಹೊದಿಕೆ ಸರಿಸಿ ಮೇಲ್ಪದರದಲ್ಲಿ ಉದುರಿಸಿ. ಕೆಲಸ ಶುರುವಾಗಲು ವಾರಗಳು ಬೇಕು, ಅದಕ್ಕೇ ಮಾರ್ಚ್‌ನಲ್ಲಿ ಎಲೆ ಹಳದಿಯಾದ ಮೇಲೆ ಹಾಕಿದರೆ ತಡ. ಗೊಬ್ಬರದಂಗಡಿಯಲ್ಲಿ ಬೂದಿರೋಗಕ್ಕೆ ಕೊಡುವ 80 ಪರ್ಸೆಂಟಿನ, ನೀರಲ್ಲಿ ಕದಡುವ ಗಂಧಕ (ವೆಟ್ಟಬಲ್ ಸಲ್ಫರ್) ನುಣ್ಣಗಿರುವುದರಿಂದ ಬೇಗ ಕೆಲಸ ಮಾಡುತ್ತದೆ.

ಬೂದಿ, ಸುಣ್ಣ, ಮೂಳೆ ಪುಡಿ, ಕ್ಯಾಲ್ಸಿಯಂ ನೈಟ್ರೇಟ್ ಹತ್ತಿರಕ್ಕೂ ಬರಬಾರದು. ಎರೆಗೊಬ್ಬರ ಬೇರೆ ಗಿಡಗಳಿಗೆ ಅಮೃತ, ಇದಕ್ಕೆ ಕೈ ಬಿಗಿ ಹಿಡಿಯಿರಿ.

ತಿಂಗಳಿಗೊಮ್ಮೆ ಪರೀಕ್ಷೆ

ಎಂದಿನಂತೆ ನೀರು ಹಾಕಿ ಒಂದು ಗಂಟೆ ಬಿಡಿ. ಕುಂಡದ ಕೆಳಗೆ ಸ್ವಚ್ಛ ತಟ್ಟೆ ಇಟ್ಟು, ಮೇಲಿನಿಂದ ಒಂದು ಸಣ್ಣ ಲೋಟದಷ್ಟು ಮಳೆನೀರು ನಿಧಾನಕ್ಕೆ ಹಾಕಿ. ಒಳಗಿದ್ದ ನೀರು ಕೆಳಗೆ ತಳ್ಳಿಕೊಂಡು ಬರುತ್ತದೆ. ಅದರ ಪಿಎಚ್ ನೋಡಿ. 5.5ರ ಕೆಳಗಿದ್ದರೆ ನಿಮ್ಮ ಲೆಕ್ಕ ಸರಿ. 5.5ರಿಂದ 6ರ ನಡುವೆ ಇದ್ದರೆ ಮಳೆನೀರಿನ ಪಾಲು ಸ್ವಲ್ಪ ಏರಿಸಿ. 6 ದಾಟಿದ್ದರೆ ಆ 40 ಲೀಟರ್ ಕ್ಯಾನು ತೆಗೆಯುವ ಸಮಯ: ಆ ಕುಂಡಕ್ಕೆ ಒಂದೇ ಬೆಳಗ್ಗೆ ಹತ್ತು ಲೀಟರ್ ಮಳೆನೀರನ್ನು ಮೂರು ನಾಲ್ಕು ಕಂತಿನಲ್ಲಿ ಹಾಕಿ ತೊಳೆಯಿರಿ. ಮಾರನೆಯ ದಿನ ಅಮೋನಿಯಂ ಸಲ್ಫೇಟ್ ಕೊಡಿ.

ಗಿಡವೂ ಹೇಳುತ್ತದೆ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಪಿಎಚ್ ಏರಿದೆ. ತುರ್ತಿಗೆ ಇಡಿಡಿಎಚ್‌ಎ (ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ರಾಸಾಯನಿಕ) ರೂಪದ ಕಬ್ಬಿಣ ಕೊಡಬಹುದು, ಅಂಥದ್ದೇ ಇನ್ನೊಂದಾದ ಇಡಿಟಿಎ ರೂಪದ್ದು ಇಷ್ಟು ಏರಿದ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಆದರೆ ನೀರು ಸರಿ ಮಾಡದೆ ಕಬ್ಬಿಣ ಕೊಡುತ್ತಾ ಹೋಗುವುದು ಸುಮ್ನೆ ದುಡ್ಡು ಖರ್ಚು. ಹಳೆಯ ಎಲೆಯ ಅಂಚು ಕಂದಾಗಿ ಸುಟ್ಟಂತಾದರೆ ಲವಣ ಜಾಸ್ತಿ, ಅಥವಾ ಕುಂಡ ಒಣಗಿತ್ತು. ಕುಂಡ ಒದ್ದೆ ಇದ್ದೂ ಬೆಳಗ್ಗೆಯೇ ಗಿಡ ಜೋತು ಬಿದ್ದಿದ್ದರೆ ಬೇರು ಕೊಳೆಯುತ್ತಿರಬಹುದು. ಅದಕ್ಕೆ ಇನ್ನೂ ನೀರು ಹಾಕಿದರೆ ಮುಗಿಯಿತು.

ನೀರು ತೀರಾ ಕಮ್ಮಿಯಾದರೆ

ಮಾರ್ಚ್ ಕೊನೆಗೆ ಡ್ರಮ್ಮಿನ ತಳ ಕಾಣಿಸಿದರೆ ಆಯ್ಕೆ ಮಾಡಬೇಕಾಗುತ್ತದೆ. ಕಾಯಿ ಕಟ್ಟಿ ಬಣ್ಣ ತಿರುಗುತ್ತಿರುವ ಗಿಡಕ್ಕೆ ಮೊದಲ ಪಾಲು, ಆಗ ಒಣಗಿದರೆ ಹಣ್ಣು ಸುಕ್ಕುಗಟ್ಟುತ್ತದೆ. ಈ ವರ್ಷ ನೆಟ್ಟ ಸಣ್ಣ ಗಿಡಗಳ ಹೂವು, ಕಾಯಿ ಚಿವುಟಿ ಹಾಕಿ. ಅವಕ್ಕೆ ನೀರೂ ಕಮ್ಮಿ ಸಾಕು, ಬೇರೂ ಗಟ್ಟಿಯಾಗುತ್ತದೆ. ಮಳೆನೀರು ಪೂರ್ತಿ ಮುಗಿದರೆ ಆರ್‌ಒ ನೀರನ್ನು ಮಳೆನೀರಿನ ಜಾಗದಲ್ಲಿ ಬೆರೆಸಿ. ಅದೂ ಇಲ್ಲದಿದ್ದರೆ ನಿಂಬೆ ಉಪ್ಪು ಹಾಕಿದ ಬರೀ ಬೋರ್ ನೀರು ಕೊಡಿ. ಬೇರು ಒಣಗುವುದಕ್ಕಿಂತ ಅದು ಎಷ್ಟೋ ಮೇಲು. ಕೆಲವು ವಾರಗಳ ಗಡಸು ನೀರಿನಿಂದ ಚೇತರಿಸಿಕೊಳ್ಳಬಹುದು, ಎರಡು ದಿನದ ಪೂರ್ತಿ ಒಣಗಿನಿಂದ ಕಷ್ಟ.

ಅಶ್ವಿನಿ, ಭರಣಿಯ ಸಂಜೆ ಮಳೆಗಳು ಶುರುವಾದ ಕೂಡಲೇ ಕುಂಡಗಳನ್ನು ಸಜ್ಜೆಯ ಕೆಳಗಿನಿಂದ ತೆರೆದ ಆಕಾಶಕ್ಕೆ ಎಳೆಯಿರಿ. ತಟ್ಟೆಗಳನ್ನು ತೆಗೆದು, ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಬೇಸಿಗೆಯಿಡೀ ಕೂಡಿದ ಲವಣ ಒಂದೆರಡು ಜೋರು ಮಳೆಯಲ್ಲಿ ತೊಳೆದು ಹೋಗುತ್ತದೆ. ಆಮೇಲೊಂದು ಪರೀಕ್ಷೆ ಮಾಡಿ, ಪಿಎಚ್ 5ರ ಹತ್ತಿರ ಬಂದಿದ್ದರೆ ಗಂಧಕ ನಿಲ್ಲಿಸಿ. ಅಮೋನಿಯಂ ಸಲ್ಫೇಟನ್ನು ಎರಡು ವಾರಕ್ಕೊಮ್ಮೆಗೆ ಇಳಿಸಿ. ಡ್ರಮ್ಮುಗಳನ್ನು ತಿಕ್ಕಿ ತೊಳೆಯುವುದೂ ಇದೇ ಹೊತ್ತಿನಲ್ಲಿ, ರೋಹಿಣಿ ಮಳೆ ಹಿಡಿಯುವ ಮುಂಚೆ ಮುಗಿಸಿಬಿಡಿ.